ಖಾಲಿ ಬಿಟ್ಟ ಚೌಕ

ಹೊನ್ನೆಮರದಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಏನೇ ಬಿದ್ದರೂ, ಒಡೆದರೂ, ಕಳೆದರೂ ಮೊದಲು ಕೇಳಿಸುತ್ತಿದ್ದ ಮಾತು ‘ಯಾರು?’ ಎಂಬುದು. ಯಾರು ಬೀಳಿಸಿದ್ದು, ಯಾರು ಒಡೆದಿದ್ದು, ಯಾರು ಕಳೆದಿದ್ದು. ಏನು ಬಿತ್ತು, ಯಾರ ಕಾಲ ಮೇಲಾದರೂ ಬಿತ್ತೇ ಎಂಬ ವಿಚಾರವೆಲ್ಲ ಆಮೇಲಿನದು. ಹೀಗಾಗಿ ಅಲ್ಲಿನ ಸಿಬ್ಬಂದಿಯ ನಾಲಿಗೆಯ ತುದಿಯಲ್ಲಿ ಇನ್ನೊಂದು ಮಾತು ಸದಾ ಸಿದ್ಧವಾಗಿ ಕೂತಿರುತ್ತಿತ್ತು: ‘ನಾನಲ್ಲ.’ ಒಮ್ಮೆ ಡ್ರೆಸ್ಸಿಂಗ್ ರೂಮಿನಲ್ಲಿ ಸ್ಟೀಲ್ ಟ್ರೇ ಬಿದ್ದಾಗ, ಅದು ಗಿರಗಿರ ತಿರುಗಿ ನಿಲ್ಲುವ ಮೊದಲೇ ನಾಲ್ಕು ಜನ ನಾಲ್ಕು ಕಡೆಯಿಂದ ‘ನಾನಲ್ಲ’ ಅಂದಿದ್ದರು. ಟ್ರೇ ಬೀಳಿಸಿದ್ದು ಬೆಕ್ಕು. ಅಲ್ಲಿ ಸುಮ್ಮನಿದ್ದ ಪ್ರಾಣಿ ಅದೊಂದೇ.

ಈ ಆಸ್ಪತ್ರೆಯ ಹೆರಿಗೆ ವಾರ್ಡಿನ ಹಿರಿಯ ನರ್ಸ್ ನಿರ್ಮಲಮ್ಮ. ನ್ಯಾಮತಿಯಿಂದ ಬೆಳಿಗ್ಗೆ ಏಳೂಕಾಲರ ಬಸ್ಸು ಹತ್ತಿ, ಸವಳಂಗದ ಆಚೆ ಇಳಿದು, ಅರ್ಧ ಮೈಲಿ ನಡೆದು ಬರುತ್ತಿದ್ದರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಅವರ ಕೈಗುಣ ಒಳ್ಳೆಯದೆಂದು ಸುತ್ತಿನ ಊರುಗಳಲ್ಲೆಲ್ಲ ಹೆಸರು. ಆದರೆ ಅವರಿಗೆ ಒಂದು ಚಾಳಿ ಇತ್ತು, ಆ ಚಾಳಿಯೇ ಈ ಕತೆಗೆ ಕಾರಣ.

ಹೆರಿಗೆಗೆ ಬಂದ ಪ್ರತಿ ಹೆಂಗಸಿನ ಹೆಸರಿಗೂ ಒಂದು ಅಚ್ಚಿನ ಹಾಳೆ ಇರುತ್ತದೆ. ಅದರಲ್ಲಿ ಸಾಲು ಸಾಲು ಚೌಕಗಳು. ರಕ್ತದ ಗುಂಪು ನೋಡಿದಿರಾ, ಮಗುವಿನ ತೂಕ ತೆಗೆದಿರಾ, ಇಂಥ ಇಂಜೆಕ್ಷನ್ ಕೊಟ್ಟಿರಾ. ಒಂದೊಂದು ಕೆಲಸ ಮುಗಿದ ಹಾಗೆ ಒಂದೊಂದು ಚೌಕಕ್ಕೆ ಟಿಕ್ ಹಾಕಬೇಕು. ನಿರ್ಮಲಮ್ಮ ಮಾತ್ರ ಹಾಳೆ ಕೈಗೆ ಬಂದ ಕೂಡಲೇ ಎಲ್ಲ ಚೌಕಗಳಿಗೂ ಟಿಕ್ ಹಾಕಿ ಮುಗಿಸಿ, ಆಮೇಲೆ ಕೈ ತೊಳೆದು ಕೆಲಸಕ್ಕೆ ಇಳಿಯುತ್ತಿದ್ದರು. ಹೊಸದಾಗಿ ಸೇರಿದ ನರ್ಸುಗಳಿಗೂ ಅದನ್ನೇ ಕಲಿಸುತ್ತಿದ್ದರು. ಮೊದಲು ಕಾಗದ, ಆಮೇಲೆ ಕೈ. ಕಾಗದ ತುಂಬಿದ್ದರೆ ನಿನ್ನನ್ನು ಯಾರೂ ಮುಟ್ಟುವುದಿಲ್ಲ ಎನ್ನುತ್ತಿದ್ದರು.

ಇದನ್ನು ಅವರು ಹುಟ್ಟುವಾಗಲೇ ಕಲಿತು ಬಂದಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಗುವಿಗೆ ಇಂಜೆಕ್ಷನ್ ಕೊಟ್ಟು, ಟಿಕ್ ಹಾಕಲು ಪೆನ್ನು ತೆಗೆಯುವಷ್ಟರಲ್ಲಿ ಪಕ್ಕದ ಮಂಚದಲ್ಲಿ ಇನ್ನೊಬ್ಬಳಿಗೆ ನೋವು ಜೋರಾಗಿತ್ತು. ಓಡಿದ್ದರು. ಅದೇ ಹೊತ್ತಿಗೆ ತಪಾಸಣೆಯ ಸಾಹೇಬರು ಬಂದು ಹಾಳೆ ಎತ್ತಿಕೊಂಡಿದ್ದರು. ಕೊಟ್ಟಿದ್ದೀನಿ ಸಾರ್ ಎಂದರೆ, ಎಲ್ಲಿ ಬರೆದಿದೆ ತೋರಿಸು ಎಂದಿದ್ದರು. ಮೂರನೆಯ ದಿನ ಕಾರಣ ಕೇಳಿ ನೋಟಿಸ್ ಬಂತು. ಅದನ್ನು ಆಗಿನ ವೈದ್ಯಾಧಿಕಾರಿ ವರಾಂಡದಲ್ಲಿ ಸಿಬ್ಬಂದಿಯನ್ನೆಲ್ಲ ನಿಲ್ಲಿಸಿ, ರೋಗಿಗಳ ಎದುರಿಗೇ ಗಟ್ಟಿಯಾಗಿ ಓದಿಸಿದ್ದರು. ಅವತ್ತು ಪಕ್ಕದ ಮಂಚದ ಹೆಂಗಸೂ ಮಗುವೂ ಉಳಿದಿದ್ದು ನಿರ್ಮಲಮ್ಮ ಓಡಿದ್ದರಿಂದಲೇ. ಆ ಸಂಗತಿ ನೋಟಿಸಿನಲ್ಲಿ ಇರಲಿಲ್ಲ. ಅದಕ್ಕೆ ಚೌಕವೇ ಇರಲಿಲ್ಲವಲ್ಲ.

ಮೂರು ತಿಂಗಳ ಹಿಂದೆ ಚನ್ನಗಿರಿಯಿಂದ ವರ್ಗವಾಗಿ ಡಾಕ್ಟರ್ ಸುಚಿತ್ರಾ ಬಂದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರನ್ನೂ ವರಾಂಡದಲ್ಲಿ ಕೂಡಿಸಿ, ನಿನ್ನೆ ನಮ್ಮಲ್ಲಿ ಏನು ತಪ್ಪಿತು ಹೇಳಿ ಎಂದು ಕೇಳುವುದು ಅವರ ಪದ್ಧತಿ. ಸಿಬ್ಬಂದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ವರಾಂಡ, ಈಗ ತಪ್ಪನ್ನು ತಾವೇ ತಂದು ಒಪ್ಪಿಸಬೇಕಂತೆ. ಯಾರು ಬಾಯಿ ಬಿಟ್ಟಾರು? ಮೂರು ತಿಂಗಳಲ್ಲಿ ಆ ಸಭೆಯಲ್ಲಿ ಹೊರಬಿದ್ದ ತಪ್ಪುಗಳೆಂದರೆ ನೀರಿನ ಮೋಟರಿನದು, ಕರೆಂಟಿನದು ಮತ್ತು ಒಳಗೆ ಬಂದು ಮಲಗುವ ಎರಡು ನಾಯಿಗಳದು. ನಾಯಿಗಳ ಮೇಲಂತೂ ದಿನಕ್ಕೊಂದು ದೂರು. ಡಾಕ್ಟರು ನಕ್ಕು, ಆಗಲಿ ಎಂದು ಹೊರರೋಗಿಗಳನ್ನು ನೋಡಲು ಓಪಿಡಿಗೆ ಹೋಗುತ್ತಿದ್ದರು.

ಅವತ್ತು ಗುರುವಾರ. ಬೆಳಿಗ್ಗೆ ಹತ್ತೂ ನಲವತ್ತು. ಹೆರಿಗೆ ಕೋಣೆಯ ಸಣ್ಣ ಫ್ರಿಜ್ಜಿನಿಂದ ಔಷಧಿ ತೆಗೆಯಲು ಬಗ್ಗಿದ ನಿರ್ಮಲಮ್ಮನವರಿಗೆ ಹಿಂದಿನ ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ ಕಂಡಿತು. ಮೇಲೆ ಹೊಸ ನರ್ಸ್ ಪೂಜಾಳ ದುಂಡು ಅಕ್ಷರದಲ್ಲಿ ‘ಯಾಸ್ಮೀನ್, ಸವಳಂಗ’ ಎಂದು ಬರೆದಿತ್ತು. ಡಬ್ಬಿ ತೆರೆದರು. ಸೀಸೆಯ ಮುಚ್ಚಳ ಹಾಗೇ ಇತ್ತು. ಔಷಧಿಯನ್ನು ಯಾರೂ ಮುಟ್ಟಿರಲಿಲ್ಲ.

ಯಾಸ್ಮೀನಳ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್. ಹೀಗಿದ್ದಾಗ ಹೆರಿಗೆಯಾದ ಎಪ್ಪತ್ತೆರಡು ಗಂಟೆಯೊಳಗೆ ತಾಯಿಗೆ ಈ ಇಂಜೆಕ್ಷನ್ ಬೀಳಬೇಕು. ಬೀಳದಿದ್ದರೆ ಅವಳಿಗೆ ಏನೂ ಆಗುವುದಿಲ್ಲ, ಮಡಿಲಲ್ಲಿರುವ ಮಗುವಿಗೂ ಏನೂ ಆಗುವುದಿಲ್ಲ. ಅದೇ ಇದರ ಮೋಸ. ಮುಂದಿನ ಬಸಿರಿನಲ್ಲಿ ತಾಯಿಯ ರಕ್ತವೇ ಮಗುವಿನ ರಕ್ತದ ಮೇಲೆ ಹಗೆ ಸಾಧಿಸುತ್ತದೆ. ಆ ಮಗು ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಸೋಮವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಹೆರಿಗೆಯಾಗಿತ್ತು. ಪೂಜಾ ಸೀಸೆ ತರಿಸಿ, ಮಗುವಿನ ರಕ್ತದ ವರದಿ ಬರಲಿ ಎಂದು ಫ್ರಿಜ್ಜಿನಲ್ಲಿಟ್ಟು, ಕಲಿಸಿದ ಪ್ರಕಾರ ಹಾಳೆಯಲ್ಲಿ ಎಲ್ಲ ಚೌಕಕ್ಕೂ ಟಿಕ್ ಹಾಕಿ ಪಾಳಿ ಮುಗಿಸಿದ್ದಳು. ಮಂಗಳವಾರ ವರದಿ ಬಂದಾಗ ಅದನ್ನು ಹಾಳೆಗೆ ಅಂಟಿಸಿದ್ದು ನಿರ್ಮಲಮ್ಮನೇ. ಟಿಕ್ ಇತ್ತು, ಕಣ್ಣು ಮುಂದಕ್ಕೆ ಹೋಗಿತ್ತು. ಬುಧವಾರ ಮಧ್ಯಾಹ್ನ ಯಾಸ್ಮೀನ್ ಮಗುವನ್ನೆತ್ತಿಕೊಂಡು, ನಿರ್ಮಲಮ್ಮನವರ ಕೈ ಹಿಡಿದು ಹೋಗಿ ಬರ್ತೀನಿ ಎಂದು ಹೇಳಿ ಹೋಗಿದ್ದಳು. ಕಾಗದದ ಪ್ರಕಾರ ಅವಳಿಗೆ ಇಂಜೆಕ್ಷನ್ ಆಗಿ ಎರಡು ದಿನ ಕಳೆದಿತ್ತು.

ನಿರ್ಮಲಮ್ಮ ಸೀಸೆಯನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಸುಮ್ಮನಿದ್ದುಬಿಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷದ ಮೇಲೆ ಎಲ್ಲೋ ಒಂದು ಕಡೆ ಒಂದು ಮಗು ಅರಿಶಿನ ಬಣ್ಣಕ್ಕೆ ತಿರುಗಿದರೆ, ಅದಕ್ಕೂ ಈ ಫ್ರಿಜ್ಜಿಗೂ ಯಾರು ಸಂಬಂಧ ಕಟ್ಟುತ್ತಾರೆ? ಅಷ್ಟೊತ್ತಿಗೆ ತಾನು ನಿವೃತ್ತಿಯಾಗಿ ಮನೆಯಲ್ಲಿರುತ್ತೇನೆ. ಹೇಳಿದರೆ ನಿವೃತ್ತಿಯ ಅಂಚಿನಲ್ಲಿ ಮತ್ತೊಂದು ನೋಟಿಸ್. ಪೂಜಾಳದು ಗುತ್ತಿಗೆ ನೌಕರಿ, ಮಾರ್ಚಿನಲ್ಲಿ ಮುಂದುವರಿಸಬೇಕು. ಹೀಗೆ ಯೋಚಿಸಿದರು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಯೋಚಿಸದೆ ಇದ್ದಿದ್ದರೆ ಅವರು ಮನುಷ್ಯರಾಗಿರುತ್ತಿರಲಿಲ್ಲ.

ಅಷ್ಟರಲ್ಲಿ ಪೂಜಾ ಬಾಗಿಲಲ್ಲಿ ನಿಂತಿದ್ದಳು. ನಿರ್ಮಲಮ್ಮನವರ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಅವಳ ಮುಖ ಬಿಳಚಿಕೊಂಡಿತು.

“ಅಕ್ಕಾ, ಟಿಕ್ ಹಾಕಿದ್ದು ನಾನೇ” ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಆ ಕಟ್ಟಡದೊಳಗೆ ‘ನಾನೇ’ ಎಂಬ ಮಾತನ್ನು ನಿರ್ಮಲಮ್ಮ ಕೇಳಿದ್ದು ಅದೇ ಮೊದಲು. ಇಪ್ಪತ್ನಾಲ್ಕರ ಹುಡುಗಿ, ಓಡಿಹೋಗದೆ ನಿಂತಿದ್ದಳು. ನಿರ್ಮಲಮ್ಮನವರಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

“ನಿಂಗೆ ಹಂಗೆ ಹಾಕಾಕೆ ಕಲಿಸಿದ್ದು ಯಾರವ್ವ?” ಎಂದು ಹೇಳಿ ಎದ್ದರು. “ನಡಿ, ಮೇಡಂ ಹತ್ರ ಹೋಗಾಣ.”

ಓಪಿಡಿಯಲ್ಲಿ ಜನ ತುಂಬಿದ್ದರು. ನಿರ್ಮಲಮ್ಮ ಸೀಸೆಯನ್ನು ಡಾಕ್ಟರರ ಮೇಜಿನ ಮೇಲಿಟ್ಟು ನಡೆದದ್ದನ್ನು ಮೂರೇ ವಾಕ್ಯದಲ್ಲಿ ಹೇಳಿದರು. ಹೇಳಿ, ‘ಯಾರು?’ ಎಂಬ ಆ ಹಳೆಯ ಪ್ರಶ್ನೆಗೆ ಮೈ ಬಿಗಿ ಹಿಡಿದು ನಿಂತರು. ಡಾಕ್ಟರ್ ಸುಚಿತ್ರಾ ಸೀಸೆ ನೋಡಿದರು, ಗೋಡೆಯ ಗಡಿಯಾರ ನೋಡಿದರು.

“ನಮಗೆ ಇನ್ನೂ ಎಷ್ಟು ಹೊತ್ತು ಐತೆ ಸಿಸ್ಟರ್?”

ನಿರ್ಮಲಮ್ಮನವರಿಗೆ ಒಂದು ಗಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ಬಾಯಿಲೆಕ್ಕ ಹಾಕಿ, ಐದೂವರೆ ಗಂಟೆಗೆ ಹತ್ತು ನಿಮಿಷ ಕಮ್ಮಿ ಎಂದರು. ಗಡುವು ದಾಟಿದ ಮೇಲೂ ಕೊಡಬಹುದು, ಆದರೆ ಅಷ್ಟು ನೆಚ್ಚಿಕೊಳ್ಳುವಂತಿಲ್ಲ, ಮೊದಲು ಹುಡುಗಿ ಎಲ್ಲಿದ್ದಾಳೆ ನೋಡಿ ಎಂದರು ಡಾಕ್ಟರು.

ಪೂಜಾ ರಿಜಿಸ್ಟರ್ ತಂದಳು. ನಿರ್ಮಲಮ್ಮ ಯಾಸ್ಮೀನಳ ಮೊಬೈಲ್ ನಂಬರಿನ ಒಂದೊಂದೇ ಅಂಕಿಯನ್ನು ಬೆರಳಿಟ್ಟು ಒತ್ತಿದರು. ಬಿಜಿ. ಮತ್ತೆ ಒತ್ತಿದರು. ಬಿಜಿ. ಮೂರನೇ ಸಲ ಪೂಜಾ ಇಣುಕಿ ನೋಡಿ, ಅಕ್ಕಾ ಅದು ನಿಮ್ಮ ನಂಬರೇ ಎಂದಳು. ನಿಜ. ಮೊಬೈಲ್ ನಂಬರ್ ಕೊಡದೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ, ಆ ನಂಬರಿಗೆ ಓಟಿಪಿ ಬರಬೇಕು. ಹೆರಿಗೆ ನೋವಿನಲ್ಲಿ ಬಂದವಳ ಫೋನು ಮನೆಯಲ್ಲಿತ್ತು, ಗಂಡ ಬೇರೆ ಊರಿನಲ್ಲಿದ್ದ. ಕಾಗದ ತುಂಬಲೇಬೇಕೆಂದು ನಿರ್ಮಲಮ್ಮ ತಮ್ಮ ನಂಬರನ್ನೇ ಕೊಟ್ಟಿದ್ದರು. ಹಾಗೆ ನೋಡಿದರೆ ಸುತ್ತಿನ ಅರ್ಧ ಬಾಣಂತಿಯರ ನಂಬರೂ ಅದೇ. ಬೇರೆ ದಿನವಾಗಿದ್ದರೆ ನಗಬಹುದಿತ್ತು.

ಕೈ ಹಿಡಿದದ್ದು ಜೀಪಿನ ಡ್ರೈವರ್ ಪರಶುರಾಮ್. ಯಾಸ್ಮೀನಳ ಗಂಡ ಸುಹೈಲ್ ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವವನು, ಸವಳಂಗದ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಅಂಗಡಿ. ಪರಶುರಾಮ್ ಅಂಗಡಿಯ ಪಕ್ಕದವರಿಗೆ ಫೋನ್ ಮಾಡಿ ಸುಹೈಲನ ನಂಬರ್ ತೆಗೆದ. ಸುಹೈಲ್ ಗೋವಿನಕೋವಿಯಲ್ಲಿ ಯಾವುದೋ ಯಂತ್ರದ ಕೆಳಗೆ ಮಲಗಿದ್ದವನು ಎದ್ದು ಮಾತಾಡಿದ. ಮಗು ಎರಡು ವಾರ ಮೊದಲೇ ಹುಟ್ಟಿದ್ದರಿಂದ ತವರಿಗೆ ಕರೆದುಕೊಂಡು ಹೋಗುವುದು ತಪ್ಪಿತ್ತು. ನಿನ್ನೆ ಸಂಜೆ ಅವಳ ತಾಯಿ ಕಾರು ಮಾಡಿಕೊಂಡು ಬಂದು ಬಾಣಂತನಕ್ಕೆ ಜಗಳೂರಿಗೆ ಕರೆದೊಯ್ದಿದ್ದರು.

ಜಗಳೂರು. ಜಿಲ್ಲೆಯ ಆ ತುದಿ. ಹೊನ್ನಾಳಿ ದಾಟಿ, ದಾವಣಗೆರೆ ದಾಟಿ ಹೋಗಬೇಕು. ಡಾಕ್ಟರು ಜಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದರು. ಕಳಿಸಿಕೊಡಿ, ಇಲ್ಲೇ ಕೊಡುತ್ತೇವೆ ಎಂದು ಅವರು ಒಪ್ಪಿದರು. ಆದರೆ ಯಾಸ್ಮೀನಳ ತಾಯಿ ನಜೀರಾ ಒಪ್ಪಲಿಲ್ಲ. ಹಸಿ ಬಾಣಂತಿ, ನಿನ್ನೆಯಷ್ಟೇ ಅಷ್ಟು ದೂರ ಬಂದಿದ್ದಾಳೆ, ಇನ್ನು ನಲವತ್ತು ದಿನ ಹೊಸ್ತಿಲು ದಾಟಿಸುವುದಿಲ್ಲ ಎಂದು ಅಳಿಯನಿಗೆ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದರಂತೆ. ಆಸ್ಪತ್ರೆ ಎಂದರೆ ಆಕೆಗೆ ಆಗಿಬರುವುದಿಲ್ಲ ಎಂದು ಸುಹೈಲ್ ಹೇಳಿದ.

“ತಪ್ಪು ನಮ್ಮದು ಮೇಡಂ. ಆ ಹುಡುಗಿ ಯಾಕೆ ಎದ್ದು ಬರಬೇಕು?” ಎಂದರು ನಿರ್ಮಲಮ್ಮ. “ನಾನೇ ಹೋಗಿ ಕೊಟ್ಟು ಬರ್ತೀನಿ.”

ಡಾಕ್ಟರು ಜೀಪಿಗೆ ಚೀಟಿ ಬರೆದರು, ಯಾಸ್ಮೀನಳ ಹಾಳೆಯನ್ನೂ ತುರ್ತಿಗೆ ಬೇಕಾಗುವ ಔಷಧಿಗಳ ಪೆಟ್ಟಿಗೆಯನ್ನೂ ಕೊಟ್ಟರು. ವಾರ್ಡನ್ನು ನಾನೂ ಪೂಜಾನೂ ನೋಡಿಕೊಳ್ಳುತ್ತೇವೆ, ಅಲ್ಲಿ ತಲುಪಿದ ಕೂಡಲೇ ಫೋನ್ ಮಾಡಿ, ಕೊಡುವಾಗ ನಾನು ಲೈನಿನಲ್ಲಿರುತ್ತೇನೆ ಎಂದರು. ಹೊರಗೆ ಬಂದರೆ ಕಸ ಗುಡಿಸುವ ಕರಿಬಸಮ್ಮ ಐಸ್ ಹಾಕಿದ ಲಸಿಕೆ ಡಬ್ಬಿಯನ್ನು ತೋಳಲ್ಲಿ ಅಪ್ಪಿಕೊಂಡು ಜೀಪಿನ ಬಳಿ ನಿಂತಿದ್ದರು. ಅದನ್ನು ತರಲು ಯಾರೂ ಹೇಳಿರಲಿಲ್ಲ. ಕೊಡುವಾಗ ಆಕೆ ಮುಖ ಎತ್ತಲಿಲ್ಲ. ನಿರ್ಮಲಮ್ಮ ಅವಸರದಲ್ಲಿ ಅದನ್ನು ಗಮನಿಸಲೂ ಇಲ್ಲ.

ಹನ್ನೊಂದೂವರೆಗೆ ಹೊರಟ ಜೀಪು ನ್ಯಾಮತಿಯಲ್ಲಿ ಅವರ ಮನೆಯ ಬೀದಿಯ ಮುಂದೆಯೇ ಹಾದುಹೋಯಿತು. ಹೊನ್ನಾಳಿಯ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿ ಹದಿನೈದು ನಿಮಿಷ ಹೋಯಿತು. ನಿರ್ಮಲಮ್ಮ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. ಪರಶುರಾಮ್ ಊಟಕ್ಕೆ ನಿಲ್ಲಿಸಲೇ ಎಂದು ಕೇಳಿ, ಅವರ ಮುಖ ನೋಡಿ, ಮತ್ತೆ ಕೇಳಲಿಲ್ಲ. ಹಳೆಯ ದಿನಗಳಲ್ಲಾದರೆ ಇದೇ ಪರಶುರಾಮ್ ಲಾಗ್ ಬುಕ್ಕು, ಡೀಸೆಲ್ಲು, ಮೇಲಿನವರ ಸಹಿ ಎಂದು ಒಂದು ಗಂಟೆ ತೆಗೆಯುತ್ತಿದ್ದ. ಇವತ್ತೇನೋ ಅವನಿಗೂ ಗಡಿಯಾರ ಕಾಣಿಸುತ್ತಿತ್ತು.

ದಾವಣಗೆರೆ ದಾಟಿದ ಮೇಲೆ ಭೂಮಿ ಒಣಗುತ್ತಾ ಬಂತು. ರಸ್ತೆಯ ಅರ್ಧ ಭಾಗದಲ್ಲಿ ಮೆಕ್ಕೆಜೋಳ ಹರವಿದ್ದರು. ಉಳಿದರ್ಧದಲ್ಲಿ ಎದುರಿಗೆ ಬಸ್ಸು ಬಂದಾಗಲೆಲ್ಲ ಇವರು ಹಿಂದಕ್ಕೆ ಸರಿಯಬೇಕು. ಒಂದು ಕಡೆ ಕುರಿ ಮಂದೆ ಅಡ್ಡ ಬಂದು, ಕೊನೆಯ ಮರಿ ದಾಟುವ ತನಕ ನಿರ್ಮಲಮ್ಮ ಉಸಿರು ಹಿಡಿದಿದ್ದರು. ಸುಹೈಲ್ ಕಳಿಸಿದ ಲೊಕೇಶನ್ ಹಿಡಿದು ಜಗಳೂರಿನ ಆ ಓಣಿಯ ಬಾಯಿಗೆ ತಲುಪಿದಾಗ ಮೂರೂ ಇಪ್ಪತ್ತೈದು.

ಸರ್ಕಾರಿ ಜೀಪು ಕಂಡು ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ನಜೀರಾ ಬಾಗಿಲಿಗೆ ಅಡ್ಡ ನಿಂತಿದ್ದರು. ಐವತ್ತು ದಾಟಿದ, ಬಡಕಲು ಮೈಯ ಹೆಂಗಸು, ಕಣ್ಣಲ್ಲಿ ಹೆದರಿಕೆ. ಮಗುವಿಗೆ ಏನಾದರೂ ಕಾಯಿಲೆ ಐತಾ ಎಂಬುದೇ ಅವರ ಮೊದಲ ಮಾತು. ಇಲ್ಲ ಎಂದು ನಿರ್ಮಲಮ್ಮ ಹೇಳಿದರು. ಮತ್ಯಾಕೆ ಅಷ್ಟು ದೂರದಿಂದ ಬಂದಿರಿ ಎಂದು ಅವರು ಕೇಳಿದರು.

ಇಲ್ಲಿಯೂ ತಪ್ಪಿಸಿಕೊಳ್ಳಲು ದಾರಿಯಿತ್ತು. ಇದೊಂದು ಇಂಜೆಕ್ಷನ್ ಬಾಕಿ ಇತ್ತು, ರೂಲ್ಸು ಹಾಗಿದೆ ಎಂದರೆ ಮುಗಿಯುತ್ತಿತ್ತು. ಮನೆ ಬಾಗಿಲಿಗೇ ಬಂದು ಕೊಡುತ್ತಾರಲ್ಲ ಎಂದು ಜನ ಹೊಗಳುತ್ತಿದ್ದರೇನೋ. ನಿರ್ಮಲಮ್ಮ ಚಪ್ಪಲಿ ಬಿಟ್ಟು ಹೊಸ್ತಿಲ ಈಚೆಗೇ ನಿಂತರು.

“ಯಾಸ್ಮೀನಿಗೆ ಒಂದು ಇಂಜೆಕ್ಷನ್ ಕೊಡಬೇಕಾಗಿತ್ತಮ್ಮ. ನಾವು ಕೊಡೋದು ಮರೆತ್ವಿ. ಕೊಟ್ಟೀವಿ ಅಂತ ಬರೆದುಬಿಟ್ಟಿದ್ವಿ. ತಪ್ಪಾಗೈತೆ. ಈಗ ಕೊಡಾಕೆ ಬಂದೀನಿ.”

ನಜೀರಾ ಅವರನ್ನೇ ನೋಡುತ್ತಾ ನಿಂತರು. ಕೊಡದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ನಿರ್ಮಲಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲನೆಯದಕ್ಕೆ ಏನೂ ಆಗುವುದಿಲ್ಲ, ಆಮೇಲಿನ ಮಕ್ಕಳು ಹುಟ್ಟಿದ ಒಂದೆರಡು ದಿನದಲ್ಲೇ ಹಳದಿಯಾಗಿ, ಕೆಲವು ಉಳಿಯುವುದಿಲ್ಲ ಎಂದರು.

ನಜೀರಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಒಳಗೆ ಬನ್ನಿ ಎಂದು ನಿರ್ಮಲಮ್ಮನವರ ಮುಂಗೈ ಹಿಡಿದು ಕರೆದುಕೊಂಡು ಹೋದರು.

ಒಳಗೆ ಯಾಸ್ಮೀನ್ ಗಾಬರಿಯಿಂದ ಎದ್ದು ಕೂತಿದ್ದಳು. ನಿರ್ಮಲಮ್ಮನವರನ್ನು ಕಂಡು ಅವಳ ಮುಖ ಅರಳಿತು. ಡಾಕ್ಟರು ಫೋನಿನಲ್ಲಿದ್ದರು. ಹಾಳೆಯ ಜೊತೆ ಸೀಸೆಯನ್ನು ಎರಡು ಸಲ ತಾಳೆ ನೋಡಿ, ಯಾಸ್ಮೀನಳಿಗೂ ಎಲ್ಲ ಹೇಳಿ, ಅವಳು ಹೂಂ ಎಂದ ಮೇಲೆ ನಿರ್ಮಲಮ್ಮ ಇಂಜೆಕ್ಷನ್ ಕೊಟ್ಟರು. ಮೂರೂ ನಲವತ್ತೆಂಟು. ಗಡುವಿಗೆ ಮೂವತ್ತೆರಡು ನಿಮಿಷ ಉಳಿದಿತ್ತು. ಹಾಳೆಯಲ್ಲಿದ್ದ ಹಳೆಯ ಟಿಕ್ಕಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಿಜವಾದ ಹೊತ್ತು ಬರೆದು, ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಅರ್ಧ ಗಂಟೆ ಅಲ್ಲೇ ಕೂತು ನೋಡಬೇಕಿತ್ತು. ನಜೀರಾ ಗೋಡೆಗೆ ಒರಗಿ ಕೂತು, ಮೊಮ್ಮಗನ ಅಂಗಾಲು ಸವರುತ್ತಾ, ಯಾರನ್ನೂ ನೋಡದೆ ಮಾತು ತೆಗೆದರು. ಅವರಿಗೆ ಮೊದಲನೆಯವನು ಗಂಡು, ಈಗ ಲಾರಿ ಓಡಿಸುತ್ತಾನೆ. ಅವನ ಮೇಲೆ ಇಬ್ಬರು ಹುಟ್ಟಿದ್ದರು. ಎರಡೂ ಮನೆಯಲ್ಲೇ ಆದ ಹೆರಿಗೆ. ಎರಡೂ ಕೂಸು ಮೂರನೆಯ ದಿನಕ್ಕೆ ಅರಿಶಿನ ಮೆತ್ತಿದ ಹಾಗಾಗಿ ಹೋದವು. ಎರಡನೆಯದನ್ನು ಕೊನೆಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ದರು, ಅದು ದಾರಿಯಲ್ಲೇ ಹೋಯಿತು. ಇವಳ ಹಾಲೇ ವಿಷ ಎಂದು ಅತ್ತೆ ಮನೆಯಲ್ಲಿ ಹೇಳಿದರು. ನಾಲ್ಕನೆಯದಾಗಿ ಯಾಸ್ಮೀನ್ ಹುಟ್ಟಿದಾಗ ಎದೆಗೆ ಹಾಕಿಕೊಳ್ಳಲೇ ಹೆದರಿಕೆ. ಎರಡು ದಿನ ಪಕ್ಕದ ಮನೆಯವಳ ಹಾಲು ಕುಡಿಸಿದ್ದರು. ಇವಳೊಬ್ಬಳು ಹೆಂಗೋ ಉಳಿದಳು, ಯಾಕೆ ಉಳಿದಳೋ ಗೊತ್ತಿಲ್ಲ ಎಂದರು.

ನಿರ್ಮಲಮ್ಮನವರಿಗೆ ಗೊತ್ತಿತ್ತು. ಅವರು ಸರಿದು ನಜೀರಾರ ಪಕ್ಕ ನೆಲದ ಮೇಲೆ ಕೂತರು.

“ಯಾಸ್ಮೀನಳ ರಕ್ತ ನೆಗೆಟಿವ್ ಐತೆ. ನಿಮ್ಮದೂ ಅದೇ ಇರಬೇಕು, ಪರೀಕ್ಷೆ ಮಾಡಿಸಿದ್ರೆ ಗೊತ್ತಾಗ್ತೈತೆ. ಇವಳು ನಿಮ್ಮ ರಕ್ತಾನೇ ತಗಂಡು ಬಂದಳು, ಅದಕ್ಕೆ ಉಳಿದಳು. ಆ ಎರಡು ಕೂಸು ತಂದೆ ರಕ್ತ ತಗಂಡು ಬಂದಿದ್ವು. ನಿಮ್ಮ ಹಾಲಿಗೂ ಅದಕ್ಕೂ ಏನೂ ಸಂಬಂಧ ಇಲ್ಲ ನಜೀರಮ್ಮ. ಇಂಥದೇ ಒಂದು ಇಂಜೆಕ್ಷನ್ ಮೊದಲನೇ ಹೆರಿಗೇಲಿ ಸಿಕ್ಕಿದ್ರೆ ಅವೂ ಉಳೀತಿದ್ವು. ನಿಮ್ಮಿಂದ ಏನೂ ತಪ್ಪಾಗಿಲ್ಲ.”

ನಜೀರಾ ಮಗುವಿನ ಕಾಲನ್ನು ಹಾಗೇ ಹಿಡಿದಿದ್ದರು. ಕಣ್ಣೀರು ಸದ್ದಿಲ್ಲದೆ ಕೆನ್ನೆಯಿಂದ ಗದ್ದಕ್ಕೆ ಇಳಿಯಿತು. ಯಾಸ್ಮೀನ್ ‘ಅಮ್ಮಿ’ ಎಂದು ಕರೆದು ತಾಯಿಯ ಭುಜಕ್ಕೆ ತಲೆಯಿಟ್ಟಳು. ನಜೀರಾ ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದರು.

“ನಂಗೆ ಯಾರೂ ಬರಲಿಲ್ಲ ಸಿಸ್ಟರಮ್ಮ. ನನ್ನ ಮಗಳಿಗೆ ನೀವು ಬಂದ್ರಿ.”

ಬೈಗುಳಕ್ಕೆ ಸಿದ್ಧರಾಗಿ ಬಂದಿದ್ದ ನಿರ್ಮಲಮ್ಮ ಈ ಮಾತಿಗೆ ಸಿದ್ಧರಾಗಿರಲಿಲ್ಲ. ಹೊರಡುವಾಗ ನಜೀರಾ ಬಾಣಂತಿಗೆಂದು ಮಾಡಿದ್ದ ಕೊಬ್ಬರಿ ಉಂಡೆಗಳನ್ನು ಕಾಗದದಲ್ಲಿ ಕಟ್ಟಿ, ಡ್ರೈವರಿಗೂ ಇರಲಿ ಎಂದು ಎರಡು ಹೆಚ್ಚಿಗೆ ಹಾಕಿ ಕೊಟ್ಟರು. ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಅವರೇ ಇವರನ್ನು ಹರಸಿದರು. ನಿರ್ಮಲಮ್ಮ ದಾವಣಗೆರೆ ಬರುವ ತನಕ ಅತ್ತರು. ಪರಶುರಾಮ್ ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿಟ್ಟು, ರಸ್ತೆ ನೋಡಿಕೊಂಡು ಓಡಿಸಿದ.

ಮರುದಿನ ಒಂಬತ್ತು ಗಂಟೆಯ ಸಭೆಯಲ್ಲಿ ಡಾಕ್ಟರ್ ಸುಚಿತ್ರಾ ಎಂದಿನಂತೆ ಕೇಳಿದರು. ಯಾರೋ ನಾಯಿಯ ಸುದ್ದಿ ತೆಗೆಯಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ನಿರ್ಮಲಮ್ಮ ಮುಂದೆ ಬಂದು, ಹತ್ತೊಂಬತ್ತು ವರ್ಷದ ಹಿಂದೆ ತಾವು ನಿಂತಿದ್ದ ಕಂಬದ ಪಕ್ಕದಲ್ಲೇ ನಿಂತು, ಎಲ್ಲವನ್ನೂ ಹೇಳಿದರು. ಟಿಕ್ ಮೊದಲು ಹಾಕುವ ಚಾಳಿ ತಮ್ಮದು, ಕಲಿಸಿದ್ದೂ ತಾವೇ ಎಂದರು. ಪೂಜಾ ತನ್ನ ಪಾಲಿನದನ್ನು ಹೇಳಿದಳು. ಡಾಕ್ಟರು, ಹಾಳೆಯಲ್ಲಿ ಕಣ್ಣುಮುಚ್ಚಿ ಸಹಿ ಹಾಕಿ ಮನೆಗೆ ಕಳಿಸಿದವಳು ನಾನು ಎಂದು ತಮ್ಮದನ್ನೂ ಸೇರಿಸಿದರು.

ಆಗ ಹಿಂದಿನ ಸಾಲಿನಿಂದ ಕರಿಬಸಮ್ಮ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು.

“ಆ ಡಬ್ಬಿ ನಾನು ಮಂಗಳವಾರಾನೇ ನೋಡಿದ್ದೆ ಮೇಡಂ. ಫ್ರಿಜ್ಜು ಒರೆಸುವಾಗ. ಬುಧವಾರಾನೂ ಅಲ್ಲೇ ಇತ್ತು. ಆ ಹುಡುಗಿ ಮನೆಗೆ ಹೊಂಟಾಗ ನಂಗೆ ಅನ್ನಿಸ್ತು, ಇವಳ ಔಷಧಿ ಇಲ್ಲೇ ಉಳೀತಲ್ಲ ಅಂತ.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

“ಔಷಧಿ ವಿಷಯ ನಮ್ಮಂಥೋರು ಮಾತಾಡಂಗಿಲ್ಲ ಅಂತ ಮೊದಲಿಂದ ಐತಲ್ರಿ. ಇಪ್ಪತ್ತು ವರ್ಷ ಆತು, ಇಲ್ಲಿ ನನ್ನ ಯಾರೂ ಏನೂ ಕೇಳಿಲ್ಲ.”

ನಿರ್ಮಲಮ್ಮನವರಿಗೆ ಲಸಿಕೆ ಡಬ್ಬಿ ಅಪ್ಪಿಕೊಂಡು ತಲೆ ತಗ್ಗಿಸಿ ನಿಂತಿದ್ದ ಆಕೆಯ ಚಿತ್ರ ಆಗ ನೆನಪಾಯಿತು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದರು. ಕರಿಬಸಮ್ಮನಿಗೆ ಓದಲು ಬರುತ್ತದೆ, ಡಬ್ಬಿಯ ಮೇಲಿನ ಹೆಸರು ಓದಿದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅದಕ್ಕೆ ಅವರಿಗೆ ತುಂಬ ನಾಚಿಕೆಯಾಯಿತು.

ಡಾಕ್ಟರು ತಾವಾಗಿಯೇ ಜಿಲ್ಲಾ ಕಚೇರಿಗೆ ವಿಷಯ ಬರೆದರು. ಬರೆದ ಮೇಲೆ ಸುಮ್ಮನಿರುತ್ತಾರೆಯೇ? ಹತ್ತನೆಯ ದಿನಕ್ಕೆ ನೋಟಿಸ್ ಬಂತು. ತಪ್ಪಿಗೆ ಜವಾಬ್ದಾರರು ಯಾರು, ಹೆಸರು ಮತ್ತು ಹುದ್ದೆ ತಿಳಿಸುವುದು. ಅದಕ್ಕೆ ಕೊಟ್ಟ ಜಾಗ ಒಂದೇ ಸಾಲು. ಸುಚಿತ್ರಾ ಮೊದಲು ತಮ್ಮ ಹೆಸರು ಬರೆದರು. ಅದರ ಕೆಳಗೆ ನಿರ್ಮಲಮ್ಮ, ಅದರ ಕೆಳಗೆ ಪೂಜಾ. ಕರಿಬ‌ಸಮ್ಮ ತಾನೂ ಹಾಕುತ್ತೇನೆಂದು ಹಟ ಹಿಡಿದು, ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಇದಕ್ಕೇನೂ ಸಂಬಂಧವಿಲ್ಲದ ಪರಶುರಾಮ್ ಕೂಡ ಅಂಚಿನಲ್ಲಿ ಜಾಗ ಹುಡುಕಿ ಹಾಕಿದ. ಅಷ್ಟು ಹೆಸರು ಬಂದರೆ ಏನು ಮಾಡಬೇಕೆಂದು ಕಚೇರಿಗೂ ತಿಳಿಯಲಿಲ್ಲವೋ ಏನೋ, ಉತ್ತರ ಬರುವುದಕ್ಕೆ ಬದಲು ಒಂದು ಸೋಮವಾರ ತಪಾಸಣೆಗೆ ಸಾಹೇಬರೇ ಬಂದರು. ಪೂಜಾಳ ಗುತ್ತಿಗೆ ಮುಂದುವರಿಸಬೇಕಾದ ಮಾರ್ಚ್ ಇನ್ನೂ ಮುಂದೆ ಇತ್ತು.

ಸಾಹೇಬರು ನೇರವಾಗಿ ಹೆರಿಗೆ ವಾರ್ಡಿಗೆ ಹೋಗಿ, ಮೊದಲ ಮಂಚದ ಹಾಳೆಯನ್ನು ಎತ್ತಿಕೊಂಡರು. ಹಾಳೆಯಲ್ಲಿ ಅರ್ಧ ಚೌಕಗಳು ಖಾಲಿ ಇದ್ದವು. ನಡುವೆ ಅದೇ ಇಂಜೆಕ್ಷನ್ನಿನ ಚೌಕದ ಮೇಲೆ ಬೆರಳಿಟ್ಟರು.

“ಇದ್ಯಾಕೆ ಖಾಲಿ?”

ಪೂಜಾ ನಿರ್ಮಲಮ್ಮನವರ ಕಡೆ ನೋಡಿದಳು. ನಿರ್ಮಲಮ್ಮನವರಿಗೆ ವರಾಂಡ, ಕಂಬ, ಆ ಗಟ್ಟಿ ದನಿ, ಎಲ್ಲ ಒಟ್ಟಿಗೆ ನೆನಪಾಗಿ ಮಾತು ಒಂದು ಗಳಿಗೆ ತಡವಾಯಿತು. ಆ ಗಳಿಗೆಯಲ್ಲೇ ಕಿಟಕಿ ಒರೆಸುತ್ತಿದ್ದ ಕರಿಬಸಮ್ಮ ತಿರುಗಿದರು.

“ಅದು ಇನ್ನೂ ಫ್ರಿಜ್ಜಲ್ಲೇ ಐತ್ರಿ ಸಾರ್. ಈಗಿನ್ನ ನೋಡಿ ಬಂದೆ.”

ಸಾಹೇಬರು ಬಟ್ಟೆ ಹಿಡಿದ ಆ ಹೆಂಗಸನ್ನು ಬೆರಗಿನಿಂದ ನೋಡಿದರು.

“ಹೌದು ಸಾರ್, ಇನ್ನೂ ಕೊಟ್ಟಿಲ್ಲ” ಎಂದರು ನಿರ್ಮಲಮ್ಮ. “ಮಗುವಿನ ವರದಿ ಹನ್ನೊಂದಕ್ಕೆ ಬರ್ತೈತೆ. ಕೊಟ್ಟ ಮೇಲೆ ಹಾಕ್ತೀವಿ.”

ಹೇಳಿ, ಅವರು ಸಾಹೇಬರ ಕೈಯಿಂದ ಹಾಳೆಯನ್ನು ಮೆತ್ತಗೆ ತೆಗೆದುಕೊಂಡು ಮಂಚದ ತಲೆಯ ಕಡೆ ಅದರ ಜಾಗದಲ್ಲಿ ಸಿಕ್ಕಿಸಿದರು. ಚೌಕ ಖಾಲಿಯೇ ಇತ್ತು. ಪೂಜಾ ವರದಿ ತರಲು ಲ್ಯಾಬಿನ ಕಡೆ ಹೋದಳು.